ಫ್ಲಾರೆನ್ಸ್ ಅನ್ನೋ ಹೆಸರು ಊರಿನಿಂದ ಬಂದದ್ದಾ, ನೈಟಿಂಗೇಲ್ ಅವರಿಂದ ಬಂದದ್ದಾ?

ಓದುಗರ ಪ್ರಶ್ನೆ: ಫ್ಲಾರೆನ್ಸ್ ಇಟಲಿಯ ಒಂದು ಊರು ಅಲ್ವಾ? ಅದು ಇಂಗ್ಲೆಂಡಿನ ಹೆಣ್ಣುಮಕ್ಕಳ ಹೆಸರಾಗಿದ್ದು ಹೇಗೆ? ಹೆಸರಾಂತ ನರ್ಸ್ ಫ್ಲಾರೆನ್ಸ್ ನೈಟಿಂಗೇಲ್ ಅವರಿಂದಲೇ ಇದು ಶುರುವಾಯ್ತಾ?

ಉತ್ತರ: ಶುರುವಾಗಿದ್ದು ಅವರಿಂದ ಅಲ್ಲ, ಹಬ್ಬಿದ್ದು ಮಾತ್ರ ಅವರಿಂದಲೇ. ಈ ಎರಡನ್ನೂ ಬೇರೆಬೇರೆಯಾಗಿ ನೋಡಿದರೆ ವಿಷಯ ಸಲೀಸಾಗಿ ಅರ್ಥವಾಗುತ್ತದೆ.

ಮೊದಲು ಊರಿನ ಕಥೆ. ಕ್ರಿ.ಪೂ. 59ರಲ್ಲಿ, ಜೂಲಿಯಸ್ ಸೀಸರ್ ಕಾಲದಲ್ಲಿ, ಆರ್ನೋ ನದಿಯ ದಂಡೆಯ ಮೇಲೆ ರೋಮನ್ನರು ಒಂದು ಊರು ಕಟ್ಟಿದರು ಅಂತ ಇತಿಹಾಸದ ಪುಸ್ತಕಗಳು ಹೇಳುತ್ತವೆ. ಸೇನೆಯಿಂದ ನಿವೃತ್ತರಾದ ಸೈನಿಕರಿಗೆ ಕೊಟ್ಟ ಜಾಗ ಅದು. ಅದರ ಲ್ಯಾಟಿನ್ ಹೆಸರು ಫ್ಲೊರೆಂಟಿಯ. ಅರಳುವುದು, ಏಳಿಗೆಯಾಗುವುದು ಅನ್ನೋ ಅರ್ಥದ ಪದದಿಂದ ಬಂದದ್ದು. ಇಟಲಿಯವರ ಬಾಯಲ್ಲಿ ಅದು ಫಿಯೊರೆಂಜ ಆಯಿತು, ಆಮೇಲೆ ಫಿರೆಂಜೆ ಆಯಿತು. ಫ್ರೆಂಚರು ಫ್ಲಾರೆನ್ಸ್ ಅಂದರು, ಇಂಗ್ಲಿಷರು ಅದನ್ನೇ ಇಟ್ಟುಕೊಂಡರು. ಫಿಯೊರೆಂಜ ಅನ್ನೋ ಹಳೆಯ ರೂಪ ಇಟಲಿಯಲ್ಲಿ ಇವತ್ತಿಗೂ ಹೆಣ್ಣುಮಕ್ಕಳ ಹೆಸರಾಗಿ ಉಳಿದಿದೆ.

ಇಲ್ಲೇ ಒಂದು ಗೊಂದಲ ಇದೆ. ಮನುಷ್ಯರ ಹೆಸರಾಗಿಯೂ ಇದು ರೋಮನ್ನರ ಕಾಲದಿಂದಲೇ ಇತ್ತು. ಗಂಡಸರಿಗೆ ಫ್ಲೊರೆಂಟಿಯಸ್, ಹೆಂಗಸರಿಗೆ ಫ್ಲೊರೆಂಟಿಯ. ಆ ಹೆಸರಿನ ಸಂತರೂ ಇದ್ದರು. ಅಂದರೆ ಊರಿಂದ ಮನುಷ್ಯರಿಗೋ, ಮನುಷ್ಯರಿಂದ ಊರಿಗೋ ಅಂತ ತಲೆಕೆಡಿಸಿಕೊಳ್ಳುವ ಅಗತ್ಯ ಇಲ್ಲ. ಎರಡೂ ಒಂದೇ ಬೇರಿನಿಂದ ಚಿಗುರಿದವು. ಮಧ್ಯಯುಗದ ಇಂಗ್ಲೆಂಡಿನಲ್ಲಿ ಫ್ಲಾರೆನ್ಸ್ ಅನ್ನೋದನ್ನು ಗಂಡಿಗೂ ಇಡುತ್ತಿದ್ದರು, ಹೆಣ್ಣಿಗೂ ಇಡುತ್ತಿದ್ದರು.

ಗಂಡಸರ ಹೆಸರಾಗಿ ಅದು ಗಟ್ಟಿಯಾಗಿ ನಿಂತಿದ್ದು ಐರ್ಲೆಂಡಿನಲ್ಲಿ. ಅಲ್ಲಿ ಫಿನೀನ್ ಅಂತ ಒಂದು ಹಳೆಯ ಐರಿಷ್ ಹೆಸರಿದೆ. ಇಂಗ್ಲಿಷಿನಲ್ಲಿ ಬರೆಯಬೇಕಾಗಿ ಬಂದಾಗ ಅದಕ್ಕೆ ಫ್ಲಾರೆನ್ಸ್ ಅನ್ನೋದನ್ನು ಜೋಡಿಯಾಗಿ ಬಳಸಿದರು. ಅರ್ಥದಲ್ಲಿ ಸಂಬಂಧವೇ ಇಲ್ಲ, ಸುಮ್ನೆ ಕಿವಿಗೆ ಹತ್ತಿರ ಅನ್ನಿಸಿತು ಅಷ್ಟೇ. ಒಂದನೇ ಎಲಿಜಬೆತ್ ರಾಣಿಯ ಕಾಲದಲ್ಲಿ ಇಂಗ್ಲಿಷರಿಗೆ ದೊಡ್ಡ ತಲೆನೋವಾಗಿದ್ದ, ಲಂಡನ್ ಟವರ್‌ನಲ್ಲಿ ವರ್ಷಗಟ್ಟಲೆ ಸೆರೆಯಲ್ಲಿದ್ದ ಐರಿಷ್ ನಾಯಕನ ಹೆಸರು ಫ್ಲಾರೆನ್ಸ್ ಮೆಕಾರ್ಥಿ. ಹಳೆಯ ಐರಿಷ್ ದಾಖಲೆಗಳಲ್ಲಿ ಈ ಹೆಸರು ಕಂಡರೆ ಹೆಂಗಸು ಅಂತ ತೀರ್ಮಾನ ಮಾಡಬೇಡಿ!

ಈಗ ಮುಖ್ಯ ಕಥೆಗೆ ಬರೋಣ. ನೆಪೋಲಿಯನ್ ಯುದ್ಧಗಳು 1815ರಲ್ಲಿ ಮುಗಿದವು. ಅಷ್ಟು ವರ್ಷ ಯುರೋಪಿಗೆ ಹೋಗಲಾಗದೆ ಕೂತಿದ್ದ ಇಂಗ್ಲೆಂಡಿನ ಶ್ರೀಮಂತರು ಇಟಲಿ ಕಡೆ ಹೊರಟರು. ವಿಲಿಯಂ ನೈಟಿಂಗೇಲ್ ಮತ್ತು ಫ್ಯಾನಿ 1818ರಲ್ಲಿ ಮದುವೆಯಾದವರು, ಅವರೂ ಹೊರಟರು, ಮತ್ತು ವಾಪಸ್ ಬರುವಷ್ಟರಲ್ಲಿ ಇಬ್ಬರು ಹೆಣ್ಣುಮಕ್ಕಳ ತಂದೆತಾಯಿಯಾಗಿದ್ದರು. ಹುಟ್ಟಿದ ಊರಿನ ಹೆಸರನ್ನೇ ಮಗುವಿಗೆ ಇಡೋಣ ಅನ್ನಿಸಿರಬೇಕು. 1819ರಲ್ಲಿ ನೇಪಲ್ಸ್‌ನಲ್ಲಿ ಹುಟ್ಟಿದ ಹಿರಿಯ ಮಗಳಿಗೆ ಫ್ರಾನ್ಸಿಸ್ ಪಾರ್ಥಿನೊಪಿ ಅಂತ ಇಟ್ಟರು. ನೇಪಲ್ಸ್ ಇರುವ ಜಾಗದಲ್ಲಿ ಹಿಂದೆ ಗ್ರೀಕರು ಕಟ್ಟಿದ್ದ ಊರಿನ ಹೆಸರು ಪಾರ್ಥಿನೊಪಿ. 1820ರ ಮೇ 12ರಂದು ಫ್ಲಾರೆನ್ಸ್ ನಗರದಲ್ಲಿ ಎರಡನೆಯವಳು ಹುಟ್ಟಿದಳು. ಅವಳು ಫ್ಲಾರೆನ್ಸ್.

ಆಗ ಇಂಗ್ಲೆಂಡಿನಲ್ಲಿ ಹುಡುಗಿಗೆ ಫ್ಲಾರೆನ್ಸ್ ಅಂತ ಇಡುವುದು ಅಪರೂಪ. ಎರಡೂ ಹೆಸರುಗಳು ಕೇಳಿದವರಿಗೆ ಹೊಸತೇ. ಆದರೆ ಮುಂದೆ ಏನಾಯಿತು ನೋಡಿ: ಅಕ್ಕನ ಹೆಸರು ಆ ಮನೆಯಲ್ಲೇ ಉಳಿಯಿತು, ತಂಗಿಯ ಹೆಸರು ಲಕ್ಷಾಂತರ ಮನೆಗಳಿಗೆ ಹೋಯಿತು.

ಕಾರಣ ಬ್ರಿಟನ್ ಮತ್ತು ಅದರ ಮಿತ್ರದೇಶಗಳು ರಷ್ಯಾದ ವಿರುದ್ಧ ಮಾಡಿದ ಕ್ರಿಮಿಯನ್ ಯುದ್ಧ. 1854ರ ನವೆಂಬರ್‌ನಲ್ಲಿ ನೈಟಿಂಗೇಲ್ 38 ಮಂದಿ ಹೆಂಗಸರ ತಂಡ ಕಟ್ಟಿಕೊಂಡು ಈಗಿನ ಇಸ್ತಾಂಬುಲ್‌ಗೆ ಸೇರಿರುವ ಸ್ಕುಟಾರಿಯ ಸೇನಾ ಆಸ್ಪತ್ರೆಗೆ ಬಂದಿಳಿದರು. ಗಾಯಗೊಂಡ ಸೈನಿಕರ ದುಸ್ಥಿತಿಯನ್ನು ಪತ್ರಿಕೆಗಳ ವರದಿಗಾರರು ಯುದ್ಧಭೂಮಿಯಿಂದಲೇ ಬರೆದು ಕಳಿಸುತ್ತಿದ್ದ ಕಾಲ ಅದು. ಹಾಗಾಗಿ ಇಡೀ ದೇಶದ ಕಣ್ಣು ಆ ಆಸ್ಪತ್ರೆಯ ಮೇಲಿತ್ತು. 1855ರ ಫೆಬ್ರವರಿಯಲ್ಲಿ ಇಲಸ್ಟ್ರೇಟೆಡ್ ಲಂಡನ್ ನ್ಯೂಸ್ ಪತ್ರಿಕೆ ಒಂದು ಚಿತ್ರ ಅಚ್ಚುಹಾಕಿತು: ರಾತ್ರಿ, ಸಾಲುಸಾಲು ಹಾಸಿಗೆ, ಕೈಯಲ್ಲಿ ದೀಪ ಹಿಡಿದು ರೋಗಿಗಳನ್ನು ನೋಡುತ್ತಾ ಹೋಗುತ್ತಿರುವ ನೈಟಿಂಗೇಲ್. ಆ ಚಿತ್ರ ಜನರ ಮನಸ್ಸಿಗೆ ನಾಟಿತು. ಮಗ ಯುದ್ಧಕ್ಕೆ ಹೋಗಿದ್ದ ತಾಯಂದಿರಿಗೆ ಅದು ಬರೀ ಚಿತ್ರವಾಗಿರಲಿಲ್ಲ. ತಮ್ಮ ಮಗನ ಪಕ್ಕದಲ್ಲಿ ಒಬ್ಬರು ಇದ್ದಾರೆ ಅನ್ನೋ ಧೈರ್ಯವೂ ಆಗಿತ್ತು.

ಆಮೇಲೆ ಹುಟ್ಟಿದ ಹೆಣ್ಣುಮಕ್ಕಳಿಗೆ ಆ ಹೆಸರು ಇಟ್ಟದ್ದು ಅಭಿಮಾನದಿಂದ, ಕೃತಜ್ಞತೆಯಿಂದ. ಕೆಲವರು ಫ್ಲಾರೆನ್ಸ್ ಮಾತ್ರ ಅಲ್ಲ, ಪೂರ್ತಿ ‘ಫ್ಲಾರೆನ್ಸ್ ನೈಟಿಂಗೇಲ್’ ಅಂತಲೇ ಇಟ್ಟರು. ಸೌಂದರ್ಯವರ್ಧಕಗಳ ದೊಡ್ಡ ಉದ್ಯಮ ಕಟ್ಟಿದ ಎಲಿಜಬೆತ್ ಆರ್ಡನ್ ಗೊತ್ತಲ್ವಾ? ಕೆನಡಾದಲ್ಲಿ ಹುಟ್ಟಿದ ಆಕೆಗೆ ಮನೆಯವರು ಇಟ್ಟಿದ್ದ ಹೆಸರು ಫ್ಲಾರೆನ್ಸ್ ನೈಟಿಂಗೇಲ್ ಗ್ರಹಾಂ. ಆಕೆ ನರ್ಸಿಂಗ್ ಕಲಿಯೋಕೂ ಹೋಗಿದ್ದರು, ಅರ್ಧಕ್ಕೆ ಬಿಟ್ಟರು. ಇನ್ನು ನೈಟಿಂಗೇಲ್ ಅವರಿಗೆ ಈ ಪ್ರಚಾರ ಇಷ್ಟವೇ ಇರಲಿಲ್ಲ. 1856ರಲ್ಲಿ ಯುದ್ಧ ಮುಗಿದು ಊರಿಗೆ ಮರಳುವಾಗ ಯಾರಿಗೂ ಗೊತ್ತಾಗಬಾರದು ಅಂತ ‘ಮಿಸ್ ಸ್ಮಿತ್’ ಅನ್ನೋ ಹೆಸರಲ್ಲಿ ಪ್ರಯಾಣ ಮಾಡಿದರು.

ಆದರೂ ಬರೀ ಅಭಿಮಾನದಿಂದ ಒಂದು ಹೆಸರು ಐವತ್ತು ಅರವತ್ತು ವರ್ಷ ನಡೆಯುವುದಿಲ್ಲ ಅಂತ ನನ್ನ ನಂಬಿಕೆ. ಕೇಳಲು ಹಿತವಾಗಿರಬೇಕು, ಕರೆಯಲು ಸುಲಭ ಇರಬೇಕು. ಫ್ಲಾರೆನ್ಸ್‌ಗೆ ಎರಡೂ ಇತ್ತು. ಮನೆಯಲ್ಲಿ ಮುದ್ದಿಗೆ ಫ್ಲೋ, ಫ್ಲೋರಿ, ಫ್ಲಾಸಿ ಅಂತ ಕರೆಯಬಹುದಿತ್ತು. ಅದೂ ಅಲ್ಲದೆ ವಿಕ್ಟೋರಿಯಾ ಕಾಲದ ಕೊನೆಗೆ ರೋಸ್, ಲಿಲಿ, ಡೈಸಿ, ವಯೊಲೆಟ್ ಅಂತ ಹೂವಿನ ಹೆಸರುಗಳ ಭರಾಟೆ ಶುರುವಾಯಿತು. ಅರಳುವ ಅರ್ಥದ ಫ್ಲಾರೆನ್ಸ್ ಅವುಗಳ ನಡುವೆ ಚೆನ್ನಾಗಿ ಹೊಂದಿಕೊಂಡಿತು. ಪಾರ್ಥಿನೊಪಿಗೆ ಇಂಥ ಯಾವ ಅನುಕೂಲವೂ ಇರಲಿಲ್ಲ ಪಾಪ. ಅಮೆರಿಕದಲ್ಲಿ 1900ರಲ್ಲಿ ಹುಟ್ಟಿದ ಹೆಣ್ಣುಮಕ್ಕಳ ಹೆಸರುಗಳಲ್ಲಿ ಫ್ಲಾರೆನ್ಸ್ ಮೊದಲ ಹತ್ತರೊಳಗೆ ಇತ್ತು.

ಆಮೇಲೆ ಇಳಿಯಿತು. ಬೀದಿಯಲ್ಲಿ ಅಜ್ಜಿಯರೆಲ್ಲ ಫ್ಲಾರೆನ್ಸ್ ಆಗಿರುವಾಗ ಮಗುವಿಗೆ ಅದನ್ನೇ ಇಡಲು ಯಾರಿಗೆ ಮನಸ್ಸು ಬರುತ್ತದೆ? 1988ರಲ್ಲಿ 100 ಮೀಟರ್ ಓಟವನ್ನು 10.49 ಸೆಕೆಂಡಿನಲ್ಲಿ ಮುಗಿಸಿ ಇವತ್ತಿಗೂ ಮುರಿಯದ ದಾಖಲೆ ಬರೆದ ಫ್ಲಾರೆನ್ಸ್ ಗ್ರಿಫಿತ್ ಜಾಯ್ನರ್‌ಗೂ ಅದು ತಾಯಿಯಿಂದ ಬಂದ ಹೆಸರು. ಜಗತ್ತೆಲ್ಲ ಆಕೆಯನ್ನು ಫ್ಲೋ-ಜೋ ಅಂತ ಕೊಂಡಾಡಿತು. ಆದರೂ ಅಮೆರಿಕದ ತಂದೆತಾಯಿಯರು ಆ ಹೆಸರಿಗೆ ಮರಳಲಿಲ್ಲ. ಒಬ್ಬ ವ್ಯಕ್ತಿಯ ಕೀರ್ತಿ ಎಲ್ಲ ಕಾಲದಲ್ಲೂ ಒಂದೇ ರೀತಿ ಕೆಲಸ ಮಾಡುವುದಿಲ್ಲ. ಹೆಸರು ತಾಜಾ ಅನ್ನಿಸುತ್ತಿರುವ ಹೊತ್ತಿಗೆ ಆ ಕೀರ್ತಿ ಬರಬೇಕು.

ಈಗ ಆ ಅಜ್ಜಿಯರೂ ಇಲ್ಲ, ಅವರ ಹೆಸರುಗಳಿಗಿದ್ದ ಹಳೆಯ ವಾಸನೆಯೂ ಇಲ್ಲ. ಮುತ್ತಜ್ಜಿಯ ಕಾಲದ ಐವಿ, ಲಿಲಿ ಥರದ ಹೆಸರುಗಳ ಜೊತೆ ಫ್ಲಾರೆನ್ಸ್ ಕೂಡ ವಾಪಸ್ ಬಂದಿದೆ. ಇಂಗ್ಲೆಂಡ್ ಮತ್ತು ವೇಲ್ಸ್‌ನ 2021ರ ಅಧಿಕೃತ ಪಟ್ಟಿಯಲ್ಲಿ ಹೆಣ್ಣುಮಕ್ಕಳ ಮೊದಲ ಹತ್ತು ಹೆಸರುಗಳಲ್ಲಿ ಅದೂ ಒಂದು. ಗಾಯಕಿ ಫ್ಲಾರೆನ್ಸ್ ವೆಲ್ಚ್, ನಟಿ ಫ್ಲಾರೆನ್ಸ್ ಪ್ಯೂ ಇಬ್ಬರೂ ಈ ಅಲೆ ದೊಡ್ಡದಾಗುವ ಮೊದಲೇ ಹುಟ್ಟಿದವರು. ಅವರ ಹೆಸರು ಪದೇ ಪದೇ ಕಿವಿಗೆ ಬೀಳುತ್ತಿದ್ದದ್ದೂ ಸಹಾಯ ಮಾಡಿರುತ್ತದೆ.

ಬೇರೆ ಊರಿನ ಹೆಸರುಗಳೂ ಹೀಗೇನಾ ಅಂತ ಕೇಳಿದರೆ, ಅಲ್ಲ. ಉದಾಹರಣೆಗೆ ಬ್ರೂಕ್ಲಿನ್. ಅದು ನೆದರ್ಲೆಂಡ್ಸ್‌ನ ಒಂದು ಊರಿನ ನೆನಪಿಗೆ ಡಚ್ಚರು ಅಮೆರಿಕದಲ್ಲಿ ಇಟ್ಟ ಹೆಸರು, 1898ರಲ್ಲಿ ನ್ಯೂಯಾರ್ಕ್ ನಗರದೊಳಗೆ ಸೇರಿಹೋದ ಜಾಗ. ಅಮೆರಿಕದಲ್ಲಿ ಅದು ಜಾಸ್ತಿ ಹೆಣ್ಣುಮಕ್ಕಳ ಹೆಸರು, ಆದರೆ ಇಂಗ್ಲೆಂಡಿನ ಫುಟ್‌ಬಾಲ್ ಆಟಗಾರ ಡೇವಿಡ್ ಬೆಕಮ್ 1999ರಲ್ಲಿ ಮಗನಿಗೆ ಇಟ್ಟರು. ಅಲ್ಲಿ ಊರೇ ಮೊದಲು, ಮಗು ಆಮೇಲೆ. ಫ್ಲಾರೆನ್ಸ್‌ನ ವಿಷಯದಲ್ಲಿ ಮಾತ್ರ ಹಳೆಯ ಹೆಸರೊಂದು ಊರಿನ ನೆಪದಲ್ಲಿ ಒಂದು ಮಗುವಿಗೆ ಸಿಕ್ಕಿ, ಆ ಮಗು ದೊಡ್ಡವಳಾಗಿ ಮಾಡಿದ ಕೆಲಸದಿಂದ ಲೋಕಕ್ಕೆಲ್ಲ ಹರಡಿತು. ಆ ಊರೂ ಆಕೆಯನ್ನು ಮರೆತಿಲ್ಲ: ಫ್ಲಾರೆನ್ಸ್‌ನ ಸಾಂತಾ ಕ್ರೋಚೆ ಚರ್ಚಿನ ಪ್ರಾಂಗಣದಲ್ಲಿ ನೈಟಿಂಗೇಲ್ ಅವರ ಸ್ಮಾರಕ ಇದೆ, ಹೋದವರು ನೋಡಬಹುದು.