ಕೊನೆಯ ಸಾಲಿಗೆ ಹಾಡು ಮುಟ್ಟಿಸುವ ಕಷ್ಟ: ಬಯಲು ಸಂಗೀತೋತ್ಸವಗಳ ಧ್ವನಿವ್ಯವಸ್ಥೆ ಬೆಳೆದುಬಂದ ದಾರಿ

ಬೇಸಿಗೆಯ ಬಯಲು ಉತ್ಸವಗಳಲ್ಲಿ ಮಿಕ್ಸರ್ (ಎಲ್ಲ ಮೈಕುಗಳ ಸದ್ದನ್ನು ಬೆರೆಸಿ ಹೊಂದಿಸುವ ಯಂತ್ರ) ಮುಂದೆ ಕೂರುವವರಿಗೆಲ್ಲ ಪರಿಚಯವಿರುವ ಒಂದು ವಿಚಿತ್ರವಿದೆ. ಮಧ್ಯಾಹ್ನ ಎರಡು ಗಂಟೆಗೆ ಮೈದಾನದ ಹಿಂದಿನ ಜನ ಸರಿಯಾಗಿ ಕೇಳಿಸುತ್ತಿಲ್ಲವೆಂದು ಕೈ ಬೀಸುತ್ತಾರೆ. ರಾತ್ರಿ ಹತ್ತಕ್ಕೆ ಅದೇ ಸ್ಪೀಕರ್, ಅದೇ ಮಟ್ಟ. ಆದರೆ ಈಗ ಎರಡು ಕಿಲೋಮೀಟರ್ ಆಚೆಯ ಊರಿನಿಂದ ದೂರು ಬರುತ್ತದೆ. ಯಂತ್ರದಲ್ಲಿ ಏನೂ ಬದಲಾಗಿರುವುದಿಲ್ಲ, ಗಾಳಿ ಬದಲಾಗಿರುತ್ತದೆ. ಬಿಸಿಲಿನಲ್ಲಿ ನೆಲದ ಹತ್ತಿರದ ಗಾಳಿ ಕಾದಿರುತ್ತದೆ, ಮೇಲಿನದು ತಂಪಾಗಿರುತ್ತದೆ. ಬಿಸಿಗಾಳಿಯಲ್ಲಿ ಸದ್ದು ಹೆಚ್ಚು ವೇಗವಾಗಿ ಸಾಗುವುದರಿಂದ ಅಲೆಯ ಕೆಳಭಾಗ ಮುಂದೋಡಿ, ಇಡೀ ಅಲೆ ಮೇಲಕ್ಕೆ ಬಾಗಿ ಜನರ ತಲೆಯ ಮೇಲೆ ದಾಟಿಹೋಗುತ್ತದೆ. ಹೊತ್ತು ಮುಳುಗಿ ನೆಲ ತಣ್ಣಗಾದ ಮೇಲೆ ಪದರಗಳು ತಿರುಗುಮುರುಗಾಗುತ್ತವೆ. ಮೇಲೇರಿದ ಸದ್ದು ಮತ್ತೆ ಕೆಳಕ್ಕೆ ಬಾಗಿ ದೂರದ ಮನೆಗಳ ಕಿಟಕಿಗೆ ಬಂದು ಬೀಳುತ್ತದೆ. ಗೋಡೆಯಿಲ್ಲದ ಬಯಲಿನಲ್ಲಿ ಗಾಳಿಯೂ ಧ್ವನಿವ್ಯವಸ್ಥೆಯ ಒಂದು ಭಾಗ ಎಂಬುದನ್ನು ಈ ಕಸುಬು ಒಂದೊಂದು ಉತ್ಸವದಲ್ಲಿ ಪೆಟ್ಟು ತಿಂದೇ ಕಲಿತಿದೆ.

1965ರ ಆಗಸ್ಟ್ 15ರಂದು ನ್ಯೂಯಾರ್ಕಿನ ಶಿಯಾ ಕ್ರೀಡಾಂಗಣದಲ್ಲಿ ಬೀಟಲ್ಸ್ ಹಾಡಿದಾಗ ಸುಮಾರು 55,600 ಜನ ಸೇರಿದ್ದರು. ಗಿಟಾರುಗಳಿಗೆ ತಲಾ 100 ವಾಟ್‌ನ ಆಂಪ್ಲಿಫೈಯರ್ ಇತ್ತು. ಹಾಡಿನ ದನಿ ಹೊರಬಂದದ್ದು ಆಟದ ನಡುವೆ ಪ್ರಕಟಣೆ ಕೂಗುವ ಸ್ಪೀಕರುಗಳಿಂದ. ಕೇಳುಗರಿಗೆ ಹಾಡು ಕೇಳಲಿಲ್ಲ, ಹಾಡುವವರಿಗೆ ತಮ್ಮ ದನಿಯೇ ಕೇಳಲಿಲ್ಲ.

ನಾಲ್ಕು ವರ್ಷಗಳ ನಂತರ, ಅದೇ ಆಗಸ್ಟ್ ತಿಂಗಳಲ್ಲಿ, ನ್ಯೂಯಾರ್ಕ್ ರಾಜ್ಯದ ಬೆಥೆಲ್‌ನಲ್ಲಿ ಮ್ಯಾಕ್ಸ್ ಯಾಸ್ಗರ್ ಅವರ ಹೈನುಗಾರಿಕೆ ಜಮೀನಿನಲ್ಲಿ ವುಡ್‌ಸ್ಟಾಕ್ ನಡೆಯಿತು. ಧ್ವನಿಯ ಹೊಣೆ ಹೊತ್ತವರು ಬಿಲ್ ಹ್ಯಾನ್ಲಿ. ಜಾಗ ಬಟ್ಟಲಿನಂತೆ ಇಳಿಜಾರಾಗಿದ್ದದ್ದು ಅವರಿಗೆ ಒದಗಿದ ದೊಡ್ಡ ಅನುಕೂಲ. ಸುಮಾರು 70 ಅಡಿ ಎತ್ತರದ ಗೋಪುರಗಳಿಗೆ ಸ್ಪೀಕರ್ ಏರಿಸಿ, ಇಳಿಜಾರಿನ ಮೇಲ್ಭಾಗಕ್ಕೂ ಸದ್ದು ಹೋಗುವಂತೆ ತಿರುಗಿಸಿದರು. ಲೆಕ್ಕ ಹಾಕಿದ್ದು ಹೆಚ್ಚೆಂದರೆ ಎರಡು ಲಕ್ಷ ಜನಕ್ಕೆ, ಬಂದವರು ನಾಲ್ಕು ಲಕ್ಷಕ್ಕೂ ಹೆಚ್ಚು. ಹಾಗಿದ್ದೂ ಹಾಡು ಕೇಳಿಸಿತು. ಎತ್ತರ ಮತ್ತು ಕೋನ ಎರಡನ್ನೂ ಜಾಗ ನೋಡಿ ನಿರ್ಧರಿಸಿದ ಹ್ಯಾನ್ಲಿ ಅವರ ಕೆಲಸಕ್ಕೆ ಇಂದಿಗೂ ಸಲ್ಲಬೇಕಾದಷ್ಟು ಮನ್ನಣೆ ಸಂದಿಲ್ಲ.

ಎತ್ತರಿಸಿದರೂ ಒಂದು ಲೆಕ್ಕದಿಂದ ತಪ್ಪಿಸಿಕೊಳ್ಳಲಾಗದು. ಬಯಲಿನಲ್ಲಿ ಒಂದು ಸ್ಪೀಕರಿನಿಂದ ದೂರ ದುಪ್ಪಟ್ಟಾದಾಗಲೆಲ್ಲ ಸದ್ದು 6 ಡೆಸಿಬಲ್ (ಸದ್ದಿನ ಜೋರನ್ನು ಅಳೆಯುವ ಮಾನ) ಇಳಿಯುತ್ತದೆ. 160 ಮೀಟರ್ ಆಚೆ ನಿಂತವರಿಗೆ 95 ಡೆಸಿಬಲ್ ಬೇಕೆಂದರೆ 10 ಮೀಟರ್ ದೂರದಲ್ಲಿ 119 ಇರಬೇಕು. 320 ಮೀಟರಿಗಾದರೆ 125. ಮುಂದಿನ ಸಾಲಿನವರ ಕಿವಿಗೆ ಇದು ನೇರ ಅಪಾಯ. ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಸಂಗೀತ ಸ್ಥಳಗಳಿಗೆ ಸೂಚಿಸಿದ ಮಿತಿ, 15 ನಿಮಿಷದ ಸರಾಸರಿಯಲ್ಲಿ 100 ಡೆಸಿಬಲ್.

ಹಾಗಾದರೆ ಜನರ ನಡುವೆಯೇ ಇನ್ನಷ್ಟು ಸ್ಪೀಕರ್ ನಿಲ್ಲಿಸಬಹುದಲ್ಲ? ನಿಲ್ಲಿಸಬಹುದು, ಆದರೆ ತಂತಿಯಲ್ಲಿ ವಿದ್ಯುತ್ ಸಂಕೇತ ಕಣ್ಣು ಮಿಟುಕಿಸುವ ಮೊದಲೇ ಅಲ್ಲಿ ತಲುಪಿಬಿಡುತ್ತದೆ. ಗಾಳಿಯಲ್ಲಿ ಬರುವ ಸದ್ದು 100 ಮೀಟರಿಗೆ ಸುಮಾರು 0.29 ಸೆಕೆಂಡ್ ತೆಗೆದುಕೊಳ್ಳುತ್ತದೆ. ಪ್ರತಿ ಪದವೂ ಎರಡೆರಡು ಸಲ ಕೇಳುತ್ತದೆ. ಇದನ್ನು ಸರಿಯಾಗಿ ಬಿಡಿಸಿದ್ದು 1973ರ ಜುಲೈ 28ರಂದು ನ್ಯೂಯಾರ್ಕ್ ರಾಜ್ಯದ ವಾಟ್ಕಿನ್ಸ್ ಗ್ಲೆನ್ ಕಾರ್ ರೇಸ್ ಮೈದಾನದಲ್ಲಿ. ಗ್ರೇಟ್‌ಫುಲ್ ಡೆಡ್, ಆಲ್‌ಮನ್ ಬ್ರದರ್ಸ್ ಬ್ಯಾಂಡ್ ಮತ್ತು ದಿ ಬ್ಯಾಂಡ್, ಮೂರೇ ತಂಡಗಳು. ನೆರೆದವರು ಅಂದಾಜು ಆರು ಲಕ್ಷ. ವೇದಿಕೆಯಿಂದ 200 ಅಡಿ ದೂರದಲ್ಲಿ ನಾಲ್ಕು ಗೋಪುರ, 400 ಅಡಿಯಲ್ಲಿ ಆರು, 600 ಅಡಿಯಲ್ಲಿ ಇನ್ನಾರು. ಇವೆಂಟೈಡ್ ಕಂಪನಿಯ 1745 ಎಂಬ ಡಿಜಿಟಲ್ ಯಂತ್ರ ಈ ಮೂರು ಸಾಲುಗಳಿಗೆ ಸದ್ದನ್ನು ಕ್ರಮವಾಗಿ 175, 350 ಮತ್ತು 525 ಮಿಲಿಸೆಕೆಂಡ್ ತಡೆಹಿಡಿದು ಬಿಡುತ್ತಿತ್ತು. ವೇದಿಕೆಯ ಸದ್ದು ಗಾಳಿಯಲ್ಲಿ ಬಂದು ಮುಟ್ಟುವ ಹೊತ್ತಿಗೆ ಸರಿಯಾಗಿ ಅಲ್ಲಿನ ಗೋಪುರವೂ ನುಡಿಯುತ್ತಿತ್ತು. ಡಿಲೇ ಟವರ್, ಅಂದರೆ ಹೀಗೆ ತಡಮಾಡಿ ನುಡಿಯುವ ಗೋಪುರ, ಎಂಬ ಮಾತು ಉತ್ಸವಗಳ ದಿನಬಳಕೆಗೆ ಬರಲು ಈ ಕೆಲಸ ದೊಡ್ಡ ಕಾರಣ.

ಇಂದು ಆ ಯಂತ್ರದ ಕೆಲಸವನ್ನು ಸಣ್ಣದೊಂದು ಪ್ರೊಸೆಸರ್ ಮಾಡುತ್ತದೆ. ಹೊಂದಿಸುವ ಬಗೆ ಮಾತ್ರ ಹಳೆಯದೇ. ಮುಖ್ಯ ಸ್ಪೀಕರಿನಿಂದ ಗೋಪುರಕ್ಕಿರುವ ದೂರವನ್ನು ಲೇಸರ್ ಅಳತೆಗೋಲಿನಿಂದ ಅಳೆದು, ಆ ಹೊತ್ತಿನ ಗಾಳಿಯಲ್ಲಿ ಸದ್ದಿನ ವೇಗದಿಂದ ಭಾಗಿಸಬೇಕು. ಆಮೇಲೆ ಗೋಪುರದ ಮುಂದೆ ಅಳತೆಯ ಮೈಕ್ ಇಟ್ಟು ಎರಡೂ ಸದ್ದು ಬರುವ ಕ್ಷಣಗಳನ್ನು ತಾಳೆ ನೋಡಬೇಕು. ಕೊನೆಗೆ ಬೇಕೆಂದೇ 10ರಿಂದ 15 ಮಿಲಿಸೆಕೆಂಡ್ ಹೆಚ್ಚು ತಡ ಸೇರಿಸುತ್ತಾರೆ. ಮೊದಲು ಬಂದ ಸದ್ದು ಯಾವ ದಿಕ್ಕಿನದೋ ಹಾಡು ಅಲ್ಲಿಂದಲೇ ಬರುತ್ತಿದೆ ಎಂದು ಕಿವಿ ನಂಬುತ್ತದೆ. ಜರ್ಮನಿಯ ವಿಜ್ಞಾನಿ ಹೆಲ್ಮುಟ್ ಹಾಸ್ 1949ರಲ್ಲಿ ವಿವರಿಸಿದ ಈ ಗುಣದಿಂದಾಗಿ, ಪಕ್ಕದ ಗೋಪುರ ಜೋರಾಗಿ ನುಡಿದರೂ ಹಾಡುಗಾರ್ತಿ ವೇದಿಕೆಯಲ್ಲೇ ಇದ್ದಾಳೆ ಅನಿಸುತ್ತದೆ. ತಡ ಸುಮಾರು 50 ಮಿಲಿಸೆಕೆಂಡ್ ದಾಟಿದರೆ ಮಾತ್ರ ಅದು ಪ್ರತಿಧ್ವನಿಯಾಗಿ ಒಡೆದು ಕೇಳುತ್ತದೆ.

ಹೆಚ್ಚಿನವರು ಎಡವುವುದು ಸಂಜೆ. 30 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸದ್ದು ಸೆಕೆಂಡಿಗೆ ಸುಮಾರು 349 ಮೀಟರ್ ಓಡುತ್ತದೆ, 15 ಡಿಗ್ರಿಯಲ್ಲಿ 340. ನೂರು ಮೀಟರಿಗೆ ಸುಮಾರು 8 ಮಿಲಿಸೆಕೆಂಡ್ ವ್ಯತ್ಯಾಸ. ಮಧ್ಯಾಹ್ನ ಸೇರಿಸಿಟ್ಟ ಆ ಹತ್ತು ಮಿಲಿಸೆಕೆಂಡ್ ಬಹುಪಾಲು ಕರಗಿಹೋಗಿ ಹಾಡು ಗೋಪುರದಿಂದಲೇ ಬರುತ್ತಿರುವಂತೆ ಕೇಳತೊಡಗುತ್ತದೆ. ಎಲ್ಲರೂ ಕಾಯುತ್ತಿದ್ದ ತಂಡ ವೇದಿಕೆ ಏರುವುದು ಆಗಲೇ. ಅದಕ್ಕೇ ಗೋಪುರದ ಬಳಿ ತಾಪಮಾಪಕ ಇಟ್ಟು ಸಂಜೆಯ ತಂಡ ಬದಲಾಗುವ ವಿರಾಮದಲ್ಲಿ ಅಂಕಿಗಳನ್ನು ತಿದ್ದಬೇಕು.

1974ರಲ್ಲಿ ಗ್ರೇಟ್‌ಫುಲ್ ಡೆಡ್ ಇನ್ನೊಂದು ದಾರಿ ಹಿಡಿಯಿತು. ವಾಲ್ ಆಫ್ ಸೌಂಡ್ ಎಂಬ ಸುಮಾರು 600 ಸ್ಪೀಕರುಗಳ ಗೋಡೆಯನ್ನೇ ವಾದಕರ ಬೆನ್ನ ಹಿಂದೆ ನಿಲ್ಲಿಸಿದರು. ಒಂದೊಂದು ವಾದ್ಯಕ್ಕೂ ಪ್ರತ್ಯೇಕ ಕಂಬಸಾಲು. ಸದ್ದು ಅದ್ಭುತವಾಗಿತ್ತು, ಆದರೆ ಅದನ್ನು ಊರಿಂದೂರಿಗೆ ಸಾಗಿಸುವ ಖರ್ಚು ತಂಡವನ್ನು ಹಣ್ಣು ಮಾಡಿತು, ಅದೇ ವರ್ಷ ಕೈಬಿಟ್ಟರು. ಸ್ಪೀಕರುಗಳನ್ನು ನೇರ ಕಂಬದಂತೆ ಜೋಡಿಸಿದರೆ ಸದ್ದು ದೂರ ಹೋಗುತ್ತದೆ ಎಂಬ ಅದರ ತತ್ವ ಮಾತ್ರ ಉಳಿಯಿತು. 1990ರ ದಶಕದ ಮೊದಲಲ್ಲಿ ಫ್ರಾನ್ಸಿನ ಕ್ರಿಸ್ಟಿಯನ್ ಹೈಲ್ ಅವರ ಎಲ್-ಅಕೂಸ್ಟಿಕ್ಸ್ ಕಂಪನಿ ಹೀಗೆ ಸಾಲಾಗಿ ಜೋಡಿಸುವ ವಿ-ಡಾಸ್ಕ್ ಎಂಬ ಸ್ಪೀಕರ್ ವ್ಯವಸ್ಥೆ ತಂದಿತು. ಇಂದು ವೇದಿಕೆಯ ಎರಡೂ ಬದಿ ಬಾಳೆಗೊನೆಯಂತೆ ನೇತಾಡುವ ಲೈನ್ ಅರೇಗಳೆಲ್ಲ ಅದರ ಸಂತತಿ.

ಲೈನ್ ಅರೇ ಚೆನ್ನಾಗಿ ನಡೆದರೆ ದೂರ ದುಪ್ಪಟ್ಟಾದಾಗ ಸದ್ದು 6ರ ಬದಲು 3 ಡೆಸಿಬಲ್ ಮಾತ್ರ ಇಳಿಯುತ್ತದೆ. ಆದರೆ ಇದು ಎಲ್ಲ ಸ್ವರಗಳಿಗೂ ಒಂದೇ ದೂರದವರೆಗೆ ಅನ್ವಯಿಸದು. 6 ಮೀಟರ್ ಉದ್ದದ ಸಾಲಿನಲ್ಲಿ 4,000 ಹರ್ಟ್ಸ್‌ನ (ಸೆಕೆಂಡಿಗೆ 4,000 ಕಂಪನದ) ಸ್ವರಕ್ಕೆ ಈ ಅನುಕೂಲ ಸ್ಥೂಲವಾಗಿ 200 ಮೀಟರ್ ತನಕ ಸಿಕ್ಕರೆ 100 ಹರ್ಟ್ಸ್‌ಗೆ ಐದೇ ಮೀಟರ್. ಮೇಲಿನ ಪೆಟ್ಟಿಗೆಗಳ ನಡುವೆ ಒಂದು ಡಿಗ್ರಿಯೊಳಗಿನ ಕೋನ, ಕೆಳಗಿಳಿದಂತೆ ಐದರಿಂದ ಹತ್ತು ಡಿಗ್ರಿ. ಈ ಬಾಗು ತಪ್ಪಿದರೆ ನಡುವಿನ ಸಾಲುಗಳಲ್ಲಿ ದನಿ ಸೊರಗುತ್ತದೆ. ತುದಿಯ ಪೆಟ್ಟಿಗೆ ಒಂದೇ ಡಿಗ್ರಿ ಮೇಲೆ ನೋಡಿದರೂ 100 ಮೀಟರ್ ಆಚೆ 1.7 ಮೀಟರ್ ತಪ್ಪುತ್ತದೆ, ಅಂದರೆ ಒಂದು ಆಳಿನ ಎತ್ತರ. ಆ ಸದ್ದು ಮೈದಾನ ದಾಟಿ ಊರಿನ ಕಡೆ ಹೊರಡುತ್ತದೆ.

ವೇದಿಕೆಯ ಮೇಲಿನವರ ಪಾಡು ಬೇರೆ. ನೂರು ಮೀಟರಿನ ಗೋಪುರದ ಬೆನ್ನಿನಿಂದ ಸೋರಿದ ಸದ್ದು ವೇದಿಕೆಗೆ ಮರಳುವಷ್ಟರಲ್ಲಿ ಅರ್ಧ ಸೆಕೆಂಡಿಗೂ ಹೆಚ್ಚು ಕಳೆದಿರುತ್ತದೆ. ಅದನ್ನೇ ಕೇಳುತ್ತಾ ಹಾಡಿದರೆ ಲಯ ಹಿಂದೆಬೀಳುತ್ತದೆ. ಹಾಡುವವರಿಗೆ ತಮ್ಮ ದನಿ ಕೇಳಿಸುವ, ಇಯರ್‌ಫೋನಿನಂಥ ಕಿವಿಯೊಳಗಿನ ಮಾನಿಟರ್ ಇದನ್ನು ಬಹುಮಟ್ಟಿಗೆ ಕಳೆದಿದೆ, ಆದರೆ ಜನರ ಕೂಗೂ ಅದರೊಂದಿಗೆ ಮಾಯವಾಗುತ್ತದೆ. ಹಾಗಾಗಿ ವೇದಿಕೆಯ ಅಂಚಿನಲ್ಲಿ ಜನರತ್ತ ಮುಖಮಾಡಿದ ಎರಡು ಮೈಕ್ ಇಟ್ಟು ಆ ಸದ್ದನ್ನು ಸ್ವಲ್ಪವೇ ಬೆರೆಸಿ ಕೊಡುವುದು ಒಳ್ಳೆಯ ರೂಢಿ.

ಇನ್ನು ಉಳಿದದ್ದು ನೆರೆಹೊರೆ. ಇಂಗ್ಲೆಂಡಿನ ಐಲ್ ಆಫ್ ವೈಟ್ ದ್ವೀಪದಲ್ಲಿ 1970ರಲ್ಲಿ ನಡೆದ ಉತ್ಸವಕ್ಕೆ ಹರಿದುಬಂದ ಜನಸಾಗರ ನೋಡಿ ಮರುವರ್ಷವೇ ಕಾನೂನು ಬಂತು: ಪರವಾನಗಿ ಇಲ್ಲದೆ 5,000ಕ್ಕೂ ಹೆಚ್ಚು ಜನ ರಾತ್ರಿ ಬಯಲಿನಲ್ಲಿ ಸೇರುವಂತಿಲ್ಲ. ಉತ್ಸವ ಅಲ್ಲಿಗೆ ಮರಳಿದ್ದು 2002ರಲ್ಲಿ. ಸದ್ದಿಗೇ ಅಂಕಿ ಕೊಟ್ಟದ್ದು ಬ್ರಿಟನ್ನಿನ ನಾಯ್ಸ್ ಕೌನ್ಸಿಲ್ 1995ರಲ್ಲಿ ಹೊರತಂದ ನಿಯಮಾವಳಿ. ವರ್ಷಕ್ಕೆ ಒಂದರಿಂದ ಮೂರು ದಿನವಷ್ಟೇ ಸಂಗೀತ ನಡೆಯುವ ಹಳ್ಳಿಯ ಜಾಗದಲ್ಲಿ ಹತ್ತಿರದ ಮನೆಗಳ ಹೊರಗೆ 15 ನಿಮಿಷದ ಸರಾಸರಿ 65 ಡೆಸಿಬಲ್ ಮೀರಬಾರದು. ಮಿಕ್ಸರ್ ಬಳಿ 95ಕ್ಕಿಂತ ಕಡಿಮೆಯಾದರೆ ಕೇಳುಗರಿಗೆ ತೃಪ್ತಿಯಾಗದು ಎಂದೂ ಅದೇ ಒಪ್ಪಿಕೊಂಡಿತು. ಈ ಎರಡು ಅಂಕಿಗಳ ನಡುವಿನ 30 ಡೆಸಿಬಲ್ ಅಂತರದಲ್ಲೇ ಇಂಜಿನಿಯರ್ ಬದುಕಬೇಕು. 2012ರ ಜುಲೈನಲ್ಲಿ ಲಂಡನ್ನಿನ ಹೈಡ್ ಪಾರ್ಕ್‌ನಲ್ಲಿ ಬ್ರೂಸ್ ಸ್ಪ್ರಿಂಗ್‌ಸ್ಟೀನ್ ಮತ್ತು ಪಾಲ್ ಮ್ಯಾಕಾರ್ಟ್ನಿ ಒಟ್ಟಿಗೆ ಹಾಡುತ್ತಾ ಅನುಮತಿಯ ಹೊತ್ತು ಮೀರಿದಾಗ ಮೈಕುಗಳೇ ಬಂದ್ ಆದವು.

ದೂರದ ಮನೆಗಳನ್ನು ಕಾಡುವುದು ಹೆಚ್ಚಾಗಿ ಬಾಸ್, ಅಂದರೆ ತಗ್ಗಿನ ಸ್ವರಗಳು. ಗಾಳಿ ಮೇಲಿನ ಸ್ವರಗಳನ್ನು ಹೀರುತ್ತದೆ, 63 ಹರ್ಟ್ಸ್‌ನ ಗುಡುಗನ್ನು ಹೀರುವುದಿಲ್ಲ. ಬಾಸ್ ನುಡಿಸುವ ದೊಡ್ಡ ಸ್ಪೀಕರ್, ಸಬ್ ವೂಫರ್, ಹಿಂದಕ್ಕೂ ಮುಂದಕ್ಕೂ ಒಂದೇ ಸಮ ಗುಡುಗುತ್ತದೆ. ಇದಕ್ಕಿರುವ ಉಪಾಯ ಸೊಗಸಾಗಿದೆ. 60 ಹರ್ಟ್ಸ್‌ನ ಅಲೆಯ ಉದ್ದ ಸುಮಾರು 5.7 ಮೀಟರ್. ಅದರ ಕಾಲುಭಾಗ, 1.43 ಮೀಟರ್, ಹಿಂದೆ ಇನ್ನೊಂದು ಸಬ್ ಇಟ್ಟು ಅದರ ಧ್ರುವತೆ ತಿರುಗಿಸಿ (ಅಲೆಯ ಏರು ಇಳಿವಾಗಿ, ಇಳಿವು ಏರಾಗಿ ಬರುವಂತೆ ಮಾಡಿ) 4.2 ಮಿಲಿಸೆಕೆಂಡ್ ತಡ ಕೊಡಬೇಕು. ಹಿಂಬದಿಗೆ ಬರುವ ಎರಡೂ ಅಲೆಗಳು ಒಂದೇ ಕ್ಷಣ ಎದುರುಬದುರಾಗಿ ಅಳಿದುಹೋಗುತ್ತವೆ, ಮುಂದಕ್ಕೆ ಹೋಗುವವು ಕೂಡಿಕೊಳ್ಳುತ್ತವೆ. ಜಾಗ ಉಳಿಸಲೆಂದು ಎರಡನ್ನೂ ಒತ್ತಾಗಿ ಇಟ್ಟು ತಡವನ್ನು ಹಾಗೇ ಬಿಟ್ಟರೆ ಲೆಕ್ಕವೆಲ್ಲ ಕೆಡುತ್ತದೆ.

ಇಷ್ಟಾದರೂ ರಾತ್ರಿ ನೆಲ ತಣ್ಣಗಾದಾಗ ಮನೆಗಳ ಬಳಿ ಮೀಟರ್ ಹಿಡಿದು ಒಬ್ಬರು ನಿಂತಿರಲೇಬೇಕು. ಅವರು ಅಂಕಿ ಹೇಳಿದ ಕೂಡಲೇ ಇಡೀ ಸದ್ದನ್ನು ತಗ್ಗಿಸುವ ಬದಲು ಮೊದಲು 63 ಹರ್ಟ್ಸ್‌ನ ಸುತ್ತ 3 ಡೆಸಿಬಲ್ ಇಳಿಸಿ, ಮತ್ತೊಂದು 15 ನಿಮಿಷದ ಅಳತೆಗೆ ಕಾಯುತ್ತಾರೆ.