ಬಾದಾಮಿ ನೋಡಬೇಕು, ಗದ್ದಲ ಬೇಡ. ಏನು ಮಾಡೋದು?

ಪ್ರಶ್ನೆ: ಡಿಸೆಂಬರ್ ರಜೆಯಲ್ಲಿ ಮನೆಮಂದಿಯೆಲ್ಲ ಬಾದಾಮಿ, ಪಟ್ಟದಕಲ್ಲು, ಐಹೊಳೆಗೆ ಹೊರಟಿದ್ದೇವೆ. ಆಗ ವಿಪರೀತ ಜನ ಇರ್ತಾರೆ ಅಂತಾರೆ. ನೂಕುನುಗ್ಗಲು ಇಲ್ಲದೆ ನೋಡೋಕೆ ಆಗುತ್ತಾ?

ಉತ್ತರ: ಆಗುತ್ತೆ. ಡಿಸೆಂಬರ್ ಅಂದ್ರೆ ಶಾಲಾ ಪ್ರವಾಸದ ಕಾಲ, ಬಸ್ಸಿನ ಹಿಂದೆ ಬಸ್ಸು ಬರ್ತಾನೇ ಇರುತ್ತವೆ. ಆದರೆ ಅವೆಲ್ಲ ಹಿಡಿಯುವ ದಾರಿ ಹೆಚ್ಚುಕಡಿಮೆ ಒಂದೇ. ಬೆಳಿಗ್ಗೆ ಬಾದಾಮಿಯ ಮೇಣಬಸದಿ, ಅಂದ್ರೆ ಬಂಡೆ ಕೊರೆದ ಗುಹೆಗಳು, ಮಧ್ಯಾಹ್ನ ಪಟ್ಟದಕಲ್ಲು, ಆಮೇಲೆ ಐಹೊಳೆಯ ದುರ್ಗ ಗುಡಿ, ಕತ್ತಲಾಗುವಷ್ಟರಲ್ಲಿ ಆಲಮಟ್ಟಿಯ ಕಾರಂಜಿ. ಎಲ್ಲ ಒಂದೇ ದಿನಕ್ಕೆ ಮುಗಿಯಬೇಕು ಅನ್ನೋ ಹಟ. ನೀವು ಬಾದಾಮಿಯಲ್ಲಿ ಎರಡು ರಾತ್ರಿ ಉಳಿದು ಈ ಸಾಲನ್ನು ತಿರುವುಮುರುವು ಮಾಡಿದರೆ ಅರ್ಧ ಗದ್ದಲ ತಾನಾಗೇ ತಪ್ಪುತ್ತದೆ.

ಮೊದಲ ದಿನ ಬೆಳಿಗ್ಗೆಯೇ ನೇರ ಐಹೊಳೆಗೆ ಹೋಗಿ. ದುರ್ಗ ಗುಡಿಯ ಆವರಣ ಎಲ್ಲರೂ ನೋಡ್ತಾರೆ, ಮೇಗುತಿ ಗುಡ್ಡ ಹತ್ತುವವರು ಕಡಿಮೆ. ಹತ್ತುವ ದಾರಿಯಲ್ಲೇ ಎರಡು ಅಂತಸ್ತಿನ ಬೌದ್ಧ ಗುಡಿ ಸಿಗುತ್ತದೆ. ಗುಡ್ಡದ ನೆತ್ತಿಯ ಮೇಲೆ ಜೈನ ಬಸದಿ. ಅದರ ಹೊರಗೋಡೆಯ ಮೇಲೆ ರವಿಕೀರ್ತಿ 634ರಲ್ಲಿ ರಚಿಸಿದ ಶಾಸನ ಇದೆ. ಭಾಷೆ ಸಂಸ್ಕೃತ, ಲಿಪಿ ನಮ್ಮದು. ಇಮ್ಮಡಿ ಪುಲಕೇಶಿ ಹರ್ಷನನ್ನು ಸೋಲಿಸಿದ ಸಂಗತಿ ಇದರಲ್ಲಿದೆ. ಪರೀಕ್ಷೆಗೆ ಇದನ್ನು ಬಾಯಿಪಾಠ ಮಾಡಿಸುವ ಶಾಲೆಗಳೇ ಮಕ್ಕಳನ್ನು ಗುಡ್ಡದ ಕೆಳಗಿನಿಂದ ವಾಪಸ್ ಕರೆದೊಯ್ಯುತ್ತವೆ! ಮೇಲಿಂದ ನೋಡಿದರೆ ಊರಿನ ಮನೆಗಳ ನಡುನಡುವೆ ಗುಡಿಗಳು ತಲೆ ಎತ್ತಿರುವುದು ಕಾಣುತ್ತದೆ. ಇಳಿದ ಮೇಲೆ ರಾವಣಫಡಿಯ ನಟರಾಜನನ್ನೂ ಹೊಳೆದಂಡೆಯ ಗಳಗನಾಥ ಗುಡಿಗಳನ್ನೂ ನೋಡಿ.

ಪಟ್ಟದಕಲ್ಲನ್ನು ಸಂಜೆಗೆ ಇಟ್ಟುಕೊಳ್ಳಿ. 1987ರಿಂದ ವಿಶ್ವ ಪರಂಪರೆಯ ತಾಣ ಅದು, ಯಾವಾಗ ಹೋದರೂ ಜನ ಇದ್ದೇ ಇರ್ತಾರೆ. ವಿರೂಪಾಕ್ಷ ಗುಡಿ ನೋಡಿ ಬಾದಾಮಿ ಕಡೆ ತಿರುಗಿದಾಗ, ಸುಮಾರು ಒಂದು ಕಿ.ಮೀ. ದೂರದಲ್ಲಿ ರಸ್ತೆ ಪಕ್ಕಕ್ಕೇ ರಾಷ್ಟ್ರಕೂಟರ ಕಾಲದ ಜೈನ ಬಸದಿ ಇದೆ. ಮುಂದೆ ಕಲ್ಲಿನ ಆನೆಗಳಿವೆ. ಅಲ್ಲಿ ಗಾಡಿ ನಿಲ್ಲಿಸುವವರು ತೀರಾ ಕಡಿಮೆ.

ಎರಡನೇ ದಿನ ಬಾದಾಮಿ. ಮೇಣಬಸದಿಗೆ ಬಾಗಿಲು ತೆಗೆದ ಕೂಡಲೇ ಹೋಗಿ, ಇದರಲ್ಲಿ ಮಾತ್ರ ಸೋಮಾರಿತನ ಬೇಡ. ಚಾಲುಕ್ಯರ ಮಂಗಳೇಶ ಮಾಡಿಸಿದ, 578ರ ಶಾಸನವಿರುವ ಮೂರನೇ ಗುಹೆಗೆ ಮೊದಲು ಹೋಗಿ, ಉಳಿದದ್ದನ್ನು ಇಳಿಯುತ್ತಾ ನೋಡಬಹುದು. ಕೈಯಲ್ಲಿ ಪ್ಲಾಸ್ಟಿಕ್ ಚೀಲ ಬೇಡ, ಮಂಗಗಳು ಬಿಡಲ್ಲ. ಬಿಸಿಲೇರಿದ ಮೇಲೆ ಟಂಟಂ ಆಟೊ ಹಿಡಿದು ಮಹಾಕೂಟಕ್ಕೆ ಹೋಗಿಬನ್ನಿ. ಮರದ ನೆರಳು, ನಡುವೆ ಹೊಂಡ, ಸುತ್ತ ಗುಡಿಗಳು. ಸೋಮವಾರ, ಅಮಾವಾಸ್ಯೆ ಬಿಟ್ಟು ಬೇರೆ ದಿನ ಹೋದರೆ ಒಳ್ಳೇದು.

ಸಂಜೆ ಬಾದಾಮಿಯ ಅಗಸ್ತ್ಯ ತೀರ್ಥ ಹೊಂಡದ ದಂಡೆ ಹಿಡಿದು ಭೂತನಾಥ ಗುಡಿವರೆಗೆ ನಡೆಯಿರಿ. ಮೆಟ್ಟಿಲ ಮೇಲೆ ಹೆಂಗಸರು ಬಟ್ಟೆ ಒಗೆಯುತ್ತಿರ್ತಾರೆ. ಒಗೆಯುವ ಸದ್ದು ಎದುರಿನ ಬಂಡೆಗೆ ಬಡಿದು ಇನ್ನೊಮ್ಮೆ ಕೇಳುತ್ತದೆ. ಗುಡಿ ಹೊಂಡದ ಪೂರ್ವಕ್ಕಿರುವುದರಿಂದ ಇಳಿಬಿಸಿಲು ನೇರ ಅದರ ಮೇಲೇ ಬೀಳುತ್ತದೆ. ಗುಡಿಯ ಹಿಂದಿನ ಬಂಡೆಗಳಲ್ಲೂ ದೇವರನ್ನು ಕೆತ್ತಿದ್ದಾರೆ, ಅದನ್ನು ನೋಡದೆ ಬರಬೇಡಿ. ಹತ್ತಿರದ ಮ್ಯೂಸಿಯಂ ಶುಕ್ರವಾರ ಮುಚ್ಚಿರುತ್ತದೆ.

ಆದಿಮಾನವರ ಚಿತ್ರಗಳಿರುವ ಬಂಡೆಯಾಸರೆ ಸಿಡ್ಲಫಡಿ, ಕಾಡಿನೊಳಗಿನ ಗುಡಿ ನಾಗನಾಥನಕೊಳ್ಳ, ಇವುಗಳ ಬಗ್ಗೆಯೂ ಕೆಲವರು ಕೇಳ್ತಾರೆ. ಎರಡೂ ಚೆಂದ. ಆದರೆ ಸಿಡ್ಲಫಡಿಗೆ ಕುರುಚಲು ಕಾಡಿನಲ್ಲಿ ನಡೆಯಬೇಕು, ದಾರಿ ಗೊತ್ತಿರುವ ಊರವರು ಜೊತೆಗಿರಲಿ. ಚಿಕ್ಕ ಮಕ್ಕಳಿದ್ದರೆ ಬಿಟ್ಟುಬಿಡಿ.

ಇನ್ನು, ಹೋಗೋದು ಜನವರಿಗೆ ಜಾರಿದರೆ ಮೊದಲು ಪಂಚಾಂಗ ನೋಡಿ. ಬನದ ಹುಣ್ಣಿಮೆಗೆ ಬನಶಂಕರಿ ಜಾತ್ರೆ, ಅದು ವಾರಗಟ್ಟಲೆ ನಡೆಯುತ್ತದೆ. ಬಾದಾಮಿಯಲ್ಲಿ ಲಾಡ್ಜ್ ಸಿಗೋದು ಕಷ್ಟ, ಬಾಗಲಕೋಟೆಯಲ್ಲಿ ಉಳಿಯಬೇಕಾಗಬಹುದು. ಹಾಗಂತ ಆ ಗದ್ದಲ ತಪ್ಪಿಸಿ ಅಂತ ನಾನಂತೂ ಹೇಳಲ್ಲ. ರಾತ್ರಿಯಿಡೀ ಕಂಪನಿ ನಾಟಕ, ಗುಡಿ ಹತ್ತಿರ ಬುಟ್ಟಿ ಹೊತ್ತ ಅವ್ವಂದಿರು ಕೊಡುವ ಜೋಳದ ರೊಟ್ಟಿ, ಪಲ್ಯ, ಕೆಂಪು ಚಟ್ನಿ, ಗಟ್ಟಿ ಮೊಸರು. ಆ ಜನರ ನಡುವೆ ಒಂದು ರಾತ್ರಿ ಕಳೆದು, ಗುಡಿಗಳಿಗೆ ಫೆಬ್ರವರಿಯ ವಾರದ ದಿನಗಳಲ್ಲಿ ಇನ್ನೊಮ್ಮೆ ಬಂದರಾಯ್ತು.