ಪದ ಪರಿಚಯ: ಅಯಾನು ವಲಸೆ

ಮೆದುಳಿನ ಮಾದರಿಯ ಎಲೆಕ್ಟ್ರಾನಿಕ್ಸ್ ಕುರಿತು ತುಮಕೂರಿನ ಕಾಲೇಜುಗಳಲ್ಲಿ ನಡೆಯುವ ಉಪನ್ಯಾಸಗಳಲ್ಲಿ, ಪ್ರದರ್ಶನದ ಫಲಕಗಳಲ್ಲಿ 'ಅಯಾನು ವಲಸೆ' (ಅಯಾನು ಎಂದರೆ ವಿದ್ಯುದಾವೇಶ ಹೊತ್ತ ಪರಮಾಣು ಅಥವಾ ಪರಮಾಣುಗಳ ಗುಂಪು) ಎಂಬುದು ವಿದ್ಯುತ್ ಪ್ರವಾಹದ ಮತ್ತೊಂದು ಹೆಸರೆಂಬಂತೆ ಬಳಕೆಯಾಗುತ್ತಿದೆ. ಇದೇ ತಪ್ಪು ಮತ್ತೆ ಮತ್ತೆ ಕಣ್ಣಿಗೆ ಬೀಳುತ್ತಿರುವುದರಿಂದ ಅದನ್ನು ಬಿಡಿಸಿ ಹೇಳಲೇಬೇಕಾಗಿದೆ.

'ಅಯಾನು' ಪದವನ್ನು 1834ರಲ್ಲಿ ಬಳಕೆಗೆ ತಂದವರು ಮೈಕೆಲ್ ಫ್ಯಾರಡೆ. ಸೂಚಿಸಿದವರು ಕೇಂಬ್ರಿಜ್‌ನ ವಿದ್ವಾಂಸ ವಿಲಿಯಂ ಹ್ಯೂಯೆಲ್. ಗ್ರೀಕಿನಲ್ಲಿ ಅದರ ಅರ್ಥ 'ಹೋಗುವಂಥದ್ದು'. ಆ ಗ್ರೀಕ್ ಧಾತುವೂ ಸಂಸ್ಕೃತದ 'ಇ' ಧಾತುವೂ ಒಂದೇ ಮೂಲದವು, ಮತ್ತು ಉತ್ತರಾಯಣ, ದಕ್ಷಿಣಾಯನಗಳಲ್ಲಿರುವ 'ಅಯನ' ಹುಟ್ಟಿದ್ದು ಈ ಧಾತುವಿನಿಂದಲೇ. ಗೊಂದಲದ ಬೇರೂ ಈ ಚರಿತ್ರೆಯಲ್ಲೇ ಇದೆ. ಫ್ಯಾರಡೆ ಹೆಸರಿಟ್ಟದ್ದು ದ್ರಾವಣದಲ್ಲಿ ವಿದ್ಯುದ್ವಾರಗಳತ್ತ ಸಾಗುವ ವಸ್ತುವಿಗೆ. ಎಲೆಕ್ಟ್ರಾನಿನ ಪತ್ತೆಯಾದದ್ದು ಬಹಳ ತಡವಾಗಿ, 1897ರಲ್ಲಿ; ಹಾಗಾಗಿ ಇವೆರಡರ ಚಲನೆಯ ವ್ಯತ್ಯಾಸ ಆಗ ಗೊತ್ತಿರಲಿಲ್ಲ. ದ್ರಾವಣದೊಳಗೆ ಅಯಾನುಗಳ ಚಲನೆಯೇ ಪ್ರವಾಹವೆಂಬ ಪಾಠ ಸರಿಯಾದದ್ದೇ, ಆದರೆ ಅದನ್ನು ಹಾಗೆಯೇ ಈ ಎಲೆಕ್ಟ್ರಾನಿಕ್ಸ್‌ನಲ್ಲಿ ಬಳಸುವ ಘನ ಆಕ್ಸೈಡಿಗೆ, ಅಂದರೆ ಲೋಹ ಮತ್ತು ಆಮ್ಲಜನಕದ ಸಂಯುಕ್ತಕ್ಕೆ, ಹೊಂದಿಸಲಾಗದು.

ಬೆಳಿಗ್ಗೆ ತುಮಕೂರಿನಿಂದ ರೈಲಿನಲ್ಲಿ ಬೆಂಗಳೂರಿಗೆ ಹೋಗಿ ಸಂಜೆ ಮರಳುವವರದನ್ನು ನಾವು ಓಡಾಟ ಎನ್ನುತ್ತೇವೆ. ಪಾವಗಡದ ಮನೆಗೆ ಬೀಗ ಹಾಕಿ ಬೇರೆಡೆ ನೆಲೆಸಿದವರದನ್ನು ಮಾತ್ರ ವಲಸೆ ಎನ್ನುತ್ತೇವೆ. ಆಕ್ಸೈಡಿನ ತೆಳುಪದರದಲ್ಲಿ ಓಡಾಡುವವು ಎಲೆಕ್ಟ್ರಾನುಗಳು, ನೆಲೆ ಬದಲಿಸುವವು ಅಯಾನುಗಳು. ಹತ್ತು ನ್ಯಾನೊಮೀಟರ್ ದಪ್ಪದ ಪದರಕ್ಕೆ ಒಂದು ವೋಲ್ಟ್ ಕೊಟ್ಟರೂ ಅಲ್ಲಿನ ವಿದ್ಯುತ್ ಕ್ಷೇತ್ರ ಮೀಟರಿಗೆ 10 ಕೋಟಿ ವೋಲ್ಟ್‌ನಷ್ಟಾಗುತ್ತದೆ. ಇಷ್ಟು ತೀವ್ರ ಕ್ಷೇತ್ರವೂ ಅದರ ಜೊತೆ ಹುಟ್ಟುವ ಬಿಸಿಯೂ ಸೇರಿ, ಸ್ಫಟಿಕದಲ್ಲಿ ಬಿಗಿಯಾಗಿ ಕುಳಿತ ಆಮ್ಲಜನಕದ ಅಯಾನು ಪಕ್ಕದ ತೆರವು ಸ್ಥಾನಕ್ಕೆ ಜಿಗಿಯುವಂತೆ ಮಾಡುತ್ತವೆ. ವೋಲ್ಟೇಜ್ ತೆಗೆದಾಗ ಹಿಂದಿರುಗುವ ದಾರಿಯಲ್ಲಿ ಶಕ್ತಿಯ ತಡೆ ಮತ್ತೆ ಎದ್ದು ನಿಲ್ಲುವುದರಿಂದ ಅದು ಬಹುಮಟ್ಟಿಗೆ ಅಲ್ಲೇ ಉಳಿಯುತ್ತದೆ. ಅಯಾನು ಒಂದು ಕಡೆ ಸರಿದರೆ ತೆರವು ಎದುರು ದಿಕ್ಕಿಗೆ ಸರಿದಂತಾಗುತ್ತದೆ. ಈ ತೆರವನ್ನು 'ನಿರ್ವಾತ' ಎಂದು ಬರೆಯುವುದನ್ನು ದಯವಿಟ್ಟು ನಿಲ್ಲಿಸಬೇಕು; ನಿರ್ವಾತವೆಂಬುದು ಗಾಳಿ ತೆಗೆದ ಪಾತ್ರೆಗೆ ಸಲ್ಲುವ ಮಾತು.

ತೆರವುಗಳು ಒಂದೆಡೆ ಕೂಡಿಕೊಂಡಾಗ ಎಲೆಕ್ಟ್ರಾನುಗಳಿಗೆ ಸುಲಭದ ದಾರಿ ಸಿಕ್ಕಿ ಪದರದ ರೋಧ (ಪ್ರವಾಹಕ್ಕೆ ಒಡ್ಡುವ ಅಡ್ಡಿ) ಇಳಿಯುತ್ತದೆ, ಚದುರಿದಾಗ ಏರುತ್ತದೆ. ಲಿಯಾನ್ ಚುವಾ 1971ರಲ್ಲಿ ಸಿದ್ಧಾಂತವಾಗಿ ಮುಂದಿಟ್ಟ ಮೆಮ್ರಿಸ್ಟರನ್ನು, ಅಂದರೆ ಹಿಂದೆ ಹರಿದ ಪ್ರವಾಹವನ್ನು ತನ್ನ ರೋಧದಲ್ಲಿ ನೆನಪಿಟ್ಟುಕೊಳ್ಳುವ ವಿದ್ಯುತ್ ಘಟಕವನ್ನು, 2008ರಲ್ಲಿ ಎಚ್‌ಪಿ ಪ್ರಯೋಗಾಲಯದವರು ಟೈಟಾನಿಯಂ ಡೈಆಕ್ಸೈಡಿನ ಪದರದಲ್ಲಿ ಗುರುತಿಸಿ ವಿವರಿಸಿದ್ದು ಈ ನೆಲೆಯಲ್ಲೇ. ವೋಲ್ಟೇಜಿನ ಸಣ್ಣ ಮಿಡಿತಗಳಿಂದ ರೋಧವನ್ನು ಹಂತಹಂತವಾಗಿ ತಿದ್ದಬಹುದಾದ್ದರಿಂದ ಅದನ್ನು ಎರಡು ನರಕೋಶಗಳು ಸಂಧಿಸುವ ನರಸಂಧಿಗೆ (ಸಿನಾಪ್ಸ್) ಹೋಲಿಸುತ್ತಾರೆ. ನರಕೋಶದ ಪೊರೆಯನ್ನು ದಾಟುವ ಸೋಡಿಯಂ, ಪೊಟ್ಯಾಸಿಯಂ ಅಯಾನುಗಳಿಗೂ ಇದಕ್ಕೂ ಹೆಸರಿನ ಹೋಲಿಕೆಯನ್ನು ಮೀರಿದ ಸಂಬಂಧವನ್ನು ಕಲ್ಪಿಸಬಾರದು.

ರೋಧ ಬದಲಾದ ಮಾತ್ರಕ್ಕೆ ಅಯಾನು ವಲಸೆ ನಡೆದಿದೆ ಎಂದು ಘೋಷಿಸುವುದೂ ಅವಸರದ ತೀರ್ಮಾನ. ಎಲೆಕ್ಟ್ರಾನುಗಳು ಪದರದ ದೋಷಗಳಲ್ಲಿ ಸಿಕ್ಕಿಕೊಂಡಾಗಲೂ ವೋಲ್ಟೇಜ್ ಮತ್ತು ಪ್ರವಾಹದ ಅಂಥದೇ ವಕ್ರರೇಖೆ ಬರುತ್ತದೆ. ಆದ್ದರಿಂದಲೇ ಸಂಶೋಧಕರು ಆಮ್ಲಜನಕ-18 ಐಸೊಟೋಪನ್ನು (ಸಾಮಾನ್ಯಕ್ಕಿಂತ ಭಾರವಾದ ಆಮ್ಲಜನಕದ ಪರಮಾಣು) ಗುರುತಾಗಿ ಸೇರಿಸಿ, ಪದರವನ್ನು ಆಳಆಳಕ್ಕೆ ಕೆರೆಯುತ್ತ ಅದು ಎಲ್ಲಿಗೆ ಸರಿದಿದೆ ಎಂಬುದನ್ನು ಕಣಗಳನ್ನು ದ್ರವ್ಯರಾಶಿಯ ಮೇರೆಗೆ ಬೇರ್ಪಡಿಸುವ ದ್ರವ್ಯರಾಶಿ ರೋಹಿತಮಾಪನದಿಂದ ಅಳೆಯುತ್ತಾರೆ.